ತೋಟದಲ್ಲಿ ಎದ್ದಿರುವ ಅಣಬೆ ತಿನ್ನಬಹುದಾ? ಗುರುತಿಸುವುದು ಹೇಗೆ?

ನಿಮ್ಮ ಫೋಟೊದಲ್ಲಿರುವುದನ್ನು ತಿನ್ನಬೇಡಿ. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ.

ಚಿಕ್ಕಬಳ್ಳಾಪುರದ ಹತ್ತಿರ ತೋಟ ತಗೊಂಡಿದ್ದೀರಿ. ಮಳೆ ಬಿದ್ದ ನಾಲ್ಕು ದಿನಕ್ಕೆ ತಿಪ್ಪೆ ಪಕ್ಕ ಬಿಳೀ ಅಣಬೆ ಎದ್ದಿವೆ. ಮೊಬೈಲ್ ಆ್ಯಪ್ 'ತಿನ್ನಬಹುದು' ಅಂದಿದೆ. ಪಕ್ಕದ ತೋಟದವರು ಬೆಳ್ಳಿ ಚಮಚ ಹಾಕಿ ಬೇಯಿಸಿ ನೋಡಿ, ಚಮಚ ಕಪ್ಪಾದರೆ ವಿಷ ಅಂದಿದ್ದಾರೆ. ಇಷ್ಟು ತಾನೇ? ಆ ಬೆಳ್ಳಿ ಕಥೆ ನನಗೆ ಚೆನ್ನಾಗಿ ಗೊತ್ತು. ಅದನ್ನು ನಂಬಿ ಒಂದು ರಾತ್ರಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೇನೆ.

ನಮ್ಮದು ಚಿಂತಾಮಣಿ ಕಡೆ ಹಳ್ಳಿ. ಚಿಕ್ಕಪ್ಪನ ಮಾವಿನ ತೋಟದ ಹುಲ್ಲಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಅಣಬೆ ಎದ್ದಿದ್ದವು. ಬೆಳ್ಳಗಿನ ಕೊಡೆ, ಮೇಲೆ ಅಲ್ಲಲ್ಲಿ ಕಂದು ಚಕ್ಕೆ, ಕಾಂಡಕ್ಕೊಂದು ಉಂಗುರ. ನೋಡೋಕೆ ಬಲು ಚೆಂದ. ಅಜ್ಜಿ ಬೈಯುತ್ತಿದ್ದರೂ ಚಿಕ್ಕಮ್ಮ ದೇವರ ಮನೆಯ ಬೆಳ್ಳಿ ಉದ್ಧರಣೆ ತಂದು ಕುದಿಯುವ ಸಾರಿಗೆ ಹಾಕಿದರು. ಕಪ್ಪಾಗಲಿಲ್ಲ. ಅರಿಶಿನವೂ ಬಣ್ಣ ಬದಲಿಸಲಿಲ್ಲ. ಎಂಟು ಗಂಟೆಗೆ ಮುದ್ದೆ ಜೊತೆ ಉಂಡೆವು. ಹತ್ತಕ್ಕೆಲ್ಲ ನಾಲ್ಕು ಜನರಿಗೂ ವಾಂತಿ, ಭೇದಿ. ಆಸ್ಪತ್ರೆಯಲ್ಲಿ ಡಾಕ್ಟರು 'ಹಸಿ ಅಣಬೆ ಒಂದಾದರೂ ಉಳಿದಿದೆಯಾ' ಅಂತ ಕೇಳಿದರು. ಯಾರಿಗೂ ನೆನಪಾಗಲಿಲ್ಲ. ಮಾರನೆ ದಿನ ಮನೆಗೆ ಬಂದರೆ ಮೊರದ ಮೇಲೆ ಎರಡು ಕೊಡೆ ಬೋರಲಾಗಿ ಬಿದ್ದಿದ್ದವು. ಎತ್ತಿ ನೋಡಿದೆ. ಕೆಳಗೆ ಮೊರದ ಮೇಲೆ ಬೂದಿ ಮಿಶ್ರಿತ ಹಸಿರು ಪುಡಿ, ಕೊಡೆಯ ಗೆರೆಗಳ ಅಚ್ಚು ಹಾಗೇ ಮೂಡಿತ್ತು.

ಆ ಹಸಿರು ಪುಡಿಯೇ ಅದರ ಗುರುತು. ಹೆಸರು ಕ್ಲೋರೊಫಿಲ್ಲಮ್ ಮಾಲಿಬ್ಡೈಟೀಸ್. ಎಳೆಯದರಲ್ಲಿ ಕೊಡೆಯ ಕೆಳಗಿನ ಪದರಗಳು ಬೆಳ್ಳಗೇ ಇರುತ್ತವೆ, ಬಲಿತ ಮೇಲೆ ಹಸಿರಾಗುತ್ತವೆ. ನಿಮ್ಮ ಫೋಟೊದಲ್ಲಿರುವುದೂ ಅದೇ ಅಂತ ನನಗೆ ಜೋರು ಅನುಮಾನ. ಇವತ್ತು ರಾತ್ರಿ ಒಂದು ಕೊಡೆ ಮುರಿದು, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿಡಿ. ಬೆಳಗ್ಗೆ ಬೀಜದ ಪುಡಿಯ ಬಣ್ಣ ಕಾಣುತ್ತದೆ. ಹಸಿರು ಬರಲಿಲ್ಲ ಅಂದಮಾತ್ರಕ್ಕೆ ತಿನ್ನಬಹುದು ಅಂತಲ್ಲ, ಮತ್ತೆ! ಬಿಳಿ ಪುಡಿ ಬೀಳುವ ವಿಷದ ಅಣಬೆಗಳೂ ಇವೆ.

ಬೆಳ್ಳಿ ಕಪ್ಪಾಗುವುದು ಗಂಧಕಕ್ಕೆ, ಅಣಬೆಯ ವಿಷಕ್ಕಲ್ಲ. ಹುಳ ತಿಂದಿದೆ, ಹಾಗಾಗಿ ನಮಗೂ ಆಗುತ್ತದೆ ಅನ್ನುವುದೂ ಸುಳ್ಳು. ಇನ್ನು ಆ್ಯಪ್ ನೋಡುವುದು ಮೇಲಿನ ಕೊಡೆಯನ್ನು. ಮಣ್ಣೊಳಗಿನ ಬೇರು ಫೋಟೊದಲ್ಲಿ ಎಲ್ಲಿ ಬರುತ್ತದೆ?

ಆ ಬೇರಿನ ವಿಷಯಕ್ಕೇ ಬರುತ್ತೇನೆ. ನಮ್ಮ ಕಡೆಯ ಬಯಲಲ್ಲಿ ಹೊಸಬರು ಒಂದೇ ಒಂದು ಕಾಡಣಬೆ ಕಲಿತರೆ ಸಾಕು, ಹುತ್ತದ ಅಣಬೆ. ನಮ್ಮ ಕಡೆ ತೆಲುಗು ಮಾತಾಡುವವರು ಇದನ್ನು 'ಪುಟ್ಟಗೊಡುಗು' ಅನ್ನುತ್ತಾರೆ. ಪುಟ್ಟ ಅಂದರೆ ಹುತ್ತ, ಗೊಡುಗು ಅಂದರೆ ಕೊಡೆ. ಕೆಲಸಕ್ಕೆ ಬಾರದ್ದು 'ಕುಕ್ಕಗೊಡುಗು', ಅಂದರೆ ನಮ್ಮ ನಾಯಿಕೊಡೆ. ಹೆಸರಲ್ಲೇ ಅರ್ಧ ಪಾಠ ಇದೆ ಅಲ್ವಾ?

ಗೆದ್ದಲುಗಳು ಒಣಗಿದ ಎಲೆ, ಕಡ್ಡಿ ತಿಂದು ನೆಲದೊಳಗೆ ಸ್ಪಂಜಿನ ಥರದ ಗೂಡು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರ ಬೆಳೆಸುತ್ತವೆ. ಅವುಗಳ ಬೇಸಾಯ ಅದು. ಮಳೆಗೆ ನೆಲ ನೆಂದಾಗ ಆ ಗೂಡಿನಿಂದ ಅಣಬೆ ಮೇಲೇಳುತ್ತದೆ. ಅದಕ್ಕೇ ಕಾಂಡ ನೆಲದ ಮಟ್ಟಕ್ಕೆ ನಿಲ್ಲದೆ ಉದ್ದನೆ ಬೇರಿನ ಹಾಗೆ ಕೆಳಗಿಳಿದಿರುತ್ತದೆ. ಎಳೆದು ಕೀಳಬೇಡಿ, ತುಂಡಾಗುತ್ತದೆ. ಒಂದು ಸಲ ಕಲಿಯೋಕೆ ಅಂತ ಕುಡುಗೋಲಿನ ತುದಿಯಿಂದ ಪಕ್ಕದ ಮಣ್ಣು ಬಿಡಿಸಿಕೊಂಡು ಹೋಗಿ. ಕೆಲವು ಸಲ ಮೊಳದುದ್ದ ಹೋಗುತ್ತದೆ. ಕೊನೆಗೆ ಕಂದು ಗೂಡೂ ಓಡಾಡುವ ಗೆದ್ದಲೂ ಸಿಗಬೇಕು. ಬರೀ ಉದ್ದ ಬೇರು ಇದ್ದರೆ ಸಾಲದು. ಕೊಡೆಯ ನಡುವೆ ಗಟ್ಟಿಯಾದ ಚೂಪು ತುದಿ ಇರುತ್ತದೆ, ಮಣ್ಣು ಕೊರೆದು ಬರೋಕೆ. ಅರಳಿದಾಗ ಅಂಚು ಸೀಳುತ್ತದೆ. ಪುಡಿ ತೆಳು ಗುಲಾಬಿ. ಉಂಗುರ ನೋಡಿ ತೀರ್ಮಾನ ಮಾಡಬೇಡಿ, ಹುತ್ತದ ಅಣಬೆಯಲ್ಲೂ ಕೆಲವು ಜಾತಿಗೆ ಉಂಗುರ ಇದೆ.

ನೆಲದ ಮೇಲೆ ಹುತ್ತ ಕಾಣಲೇಬೇಕು ಅಂತೇನಿಲ್ಲ, ಗೂಡು ಮಣ್ಣೊಳಗೇ ಇರಬಹುದು. ಎದ್ದ ಜಾಗದಲ್ಲೇ ವರ್ಷ ವರ್ಷ ಏಳುವುದುಂಟು. ನಮ್ಮಜ್ಜಿ ತಮ್ಮ ಜಾಗವನ್ನು ಸ್ವಂತ ತಂಗಿಗೂ ಹೇಳಿರಲಿಲ್ಲ!

ನೀಲಗಿರಿ ತೋಪಿನಲ್ಲಿ ಆಲೂಗಡ್ಡೆ ಥರ ಉಂಡೆ ಸಿಗುತ್ತವೆ. ಕುಯ್ದರೆ ಒಳಗೆ ಕಪ್ಪು. ಬಿಟ್ಟುಬಿಡಿ. ಔಷಧಿ ಹೊಡೆದ ಟೊಮೆಟೊ ಹೊಲದ ಬದು, ಹೈವೇ ಅಂಚು, ಕೆಜಿಎಫ್‌ನ ಸೈನೈಡ್ ದಿಬ್ಬಗಳ ಸುತ್ತಮುತ್ತ ಒಳ್ಳೆ ಅಣಬೆಯನ್ನೂ ಮುಟ್ಟಬೇಡಿ. ಅಣಬೆ ಮಣ್ಣಿನಲ್ಲಿರುವ ಲೋಹಗಳನ್ನು ಹೀರಿಕೊಳ್ಳುತ್ತದೆ. ದೇವರಾಯನದುರ್ಗದಂಥ ಮೀಸಲು ಅರಣ್ಯದಲ್ಲಿ ಕೀಳೋಕೆ ಹೋಗಿ ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿಕೊಳ್ಳಬೇಡಿ.

ಅಕಸ್ಮಾತ್ ತಿಂದು ಹೆಚ್ಚುಕಮ್ಮಿ ಆದರೆ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ನಮಗೆ ಎರಡೇ ಗಂಟೆಯಲ್ಲಿ ವಾಂತಿ ಆಗಿದ್ದು ಒಂಥರಾ ಪುಣ್ಯ. ಆರು, ಹನ್ನೆರಡು ಗಂಟೆ ಬಿಟ್ಟು ಶುರುವಾದರೆ ಜಾಸ್ತಿ ಭಯಪಡಬೇಕು. ಅಮಾಟಾಕ್ಸಿನ್ ಅನ್ನುವ ವಿಷ ಹಾಗೆ ಮಾಡುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ವಾಂತಿ ನಿಂತು ಒಂದು ದಿನ ಹುಷಾರಾದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗುತ್ತಿರುತ್ತದೆ.

ಅಂದಹಾಗೆ, ನಿಮ್ಮ ಎರಡನೇ ಫೋಟೊದ ಮೂಲೆಯಲ್ಲಿ, ಬೇವಿನ ಮರದ ಬುಡಕ್ಕೆ, ಅರಿಶಿನ ಕುಂಕುಮ ಹಚ್ಚಿರುವ ಹುತ್ತವೊಂದು ಕಾಣುತ್ತಿದೆ. ಅದನ್ನು ಅಗೆಯೋಕೆ ಹೋಗಬೇಡಿ, ಊರವರು ಸುಮ್ನೆ ಬಿಡುವುದಿಲ್ಲ. ಆದರೆ ಆರಿದ್ರಾ ಮಳೆ ಹೊಡೆದ ಮೇಲೆ ಬೆಳಗ್ಗೆ ಬೇಗ ಎದ್ದು, ಕೋಲು ತಟ್ಟಿಕೊಂಡು, ಅದರ ಸುತ್ತ ಒಂದು ಸುತ್ತು ಹಾಕಿ. ಹಾವೂ ಇರಬಹುದು, ನೋಡಿಕೊಳ್ಳಿ. ಏನಾದರೂ ಎದ್ದಿದ್ದರೆ ಕೀಳುವ ಮುಂಚೆ ಊರಲ್ಲಿ ಪ್ರತಿವರ್ಷ ತಿನ್ನುವ ಹಿರಿಯರೊಬ್ಬರನ್ನು ಕರೆತಂದು ತೋರಿಸಿ. ಅವರು ಹೂಂ ಅಂದರೆ, ಮೊಗ್ಗಿನಂಥವನ್ನು ಆರಿಸಿಕೊಂಡು ಅವತ್ತೇ ಸಾರು ಮಾಡಿ. ಮಾರನೆ ದಿನಕ್ಕೆ ಹುಳ ಬಿದ್ದಿರುತ್ತದೆ.