ಗೆಳೆಯನಿಗೆ ಸೂತಕವಿಲ್ಲ

ಪತ್ರ: ನಾನು ಜಗಳೂರು ತಾಲ್ಲೂಕಿನ ರೈತ. ವಯಸ್ಸು 43. ಪಕ್ಕದ ಹೊಲದವನೂ ನಾನೂ ಒಂದನೇ ಕ್ಲಾಸಿನಿಂದ ಗೆಳೆಯರು. ಇಬ್ಬರ ಹತ್ತಿರವೂ ಒಂದೊಂದೇ ಎತ್ತು. ಎರಡನ್ನೂ ಜೋಡಿ ಕಟ್ಟಿ ಒಂದು ದಿನ ಅವನ ಹೊಲ, ಒಂದು ದಿನ ನನ್ನ ಹೊಲ ಮಾಡುತ್ತಿದ್ದೆವು. 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ಬೈಕಿನಲ್ಲಿ ಹೋಗಿ ನೋಡಿ ಬಂದಿದ್ದೆವು. ನೀರು ಕಂಡವನೇ ಅವನು ಕೈ ಮುಗಿದು ಅತ್ತುಬಿಟ್ಟಿದ್ದ. ಹೋದ ಮಾಘದಲ್ಲಿ ಎದೆನೋವು ಅಂತ ಕೂತವನು ಏಳಲಿಲ್ಲ. ಆವತ್ತಿನಿಂದ ನನಗೆ ಗುಡಿಗೆ ಕಾಲಿಡಲು ಆಗುತ್ತಿಲ್ಲ. ಪ್ರತಿವರ್ಷ ಇಬ್ಬರೂ ನಾಯಕನಹಟ್ಟಿ ಜಾತ್ರೆಗೆ ಹೋಗಿ ಕೊಬ್ಬರಿ ಸುಟ್ಟು ಬರುತ್ತಿದ್ದೆವು. ಈ ಸಲ ಹೋಗಲಿಲ್ಲ. ದೇವರನ್ನೇ ಬಿಟ್ಟ ಅಂತ ಮನೆಯಲ್ಲಿ ಬೇಜಾರು. ಆದರೆ ಬೆಳಗ್ಗೆ ಹೊಲಕ್ಕೆ ಹೋಗಿ ಶೇಂಗಾ ಹೂ ನೋಡಿದರೆ ಮನಸ್ಸು ತಣ್ಣಗಾಗುತ್ತದೆ. ಅಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ. ಮರುಗಳಿಗೆಗೇ ನಾಚಿಕೆ. ಅವನು ಮಣ್ಣಿಗೆ ಹೋದ ವರ್ಷವೇ ನಾನು ಹೂ ನೋಡಿ ಸಮಾಧಾನ ಪಡೋದಾ? ಈ ವರ್ಷ ಬಿತ್ತನೆ ಟ್ರ್ಯಾಕ್ಟರಿನಲ್ಲಿ ಮಾಡಿಸಿದೆ. ಅವನ ಹೊಲ ಹಾಗೇ ಬಿದ್ದಿದೆ. 'ಅಣ್ಣಾ, ಹೊಲ ನೀವೇ ಮಾಡಿ, ಇಲ್ಲಾಂದ್ರೆ ಎತ್ತು ಮಾರಿಬಿಡ್ತೀನಿ' ಅಂತ ಅವನ ಹೆಂಡತಿ ಹೇಳಿ ಕಳಿಸಿದ್ದಾಳೆ. ನನಗೆ ಆ ಬದು ದಾಟಲು ಆಗುತ್ತಿಲ್ಲ. ಸೀಗೆ ಹುಣ್ಣಿಮೆ ಬೇರೆ ಹತ್ತಿರ ಬಂತು. ಪ್ರತಿಸಲ ಹೊಲದ ತುಂಬಾ ಚರಗದ ಎಡೆ ಚೆಲ್ಲುತ್ತಾ ಅವನು ಮುಂದೆ, ನೀರಿನ ಚೆಂಬು ಹಿಡಿದು ನಾನು ಹಿಂದೆ. ಏನು ಮಾಡಲಿ?

ಉತ್ತರ: ತಮ್ಮಾ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಕಡೆ ನಿಂತೆ. ಅವನು ತೀರಿಕೊಂಡ ದಿನದಿಂದ ಇವತ್ತಿನ ತನಕ ನಿಮ್ಮನ್ನು ಯಾರಾದರೂ ಕೂರಿಸಿಕೊಂಡು 'ನೀನು ಹೇಗಿದ್ದೀಯಾ' ಅಂತ ಕೇಳಿದ ಮಾತು ಇದರಲ್ಲಿ ಎಲ್ಲೂ ಇಲ್ಲ.

ನಮ್ಮಲ್ಲಿ ಸಾವಿಗೆ ಒಂದು ಕ್ರಮ ಇದೆ. ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರಿಗೆ ಸೂತಕ ಇದೆ, ದಿನ ಮಾಡುವುದಿದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಹಕ್ಕಿದೆ. ಗೆಳೆಯನಿಗೆ ಏನಿದೆ? ಹೆಣ ಎತ್ತುವಾಗ ಹೆಗಲು ಕೊಡುತ್ತಾನೆ, ಗುಂಡಿ ತೋಡಲು ಗುದ್ದಲಿ ಹಿಡಿಯುತ್ತಾನೆ. ಸ್ನಾನ ಮಾಡಿ ಮನೆಗೆ ಬಂದರೆ ಅವನ ಪಾಲಿನ ದುಃಖ ಮುಗಿಯಿತು ಅಂತ ಲೆಕ್ಕ. ನನಗೂ ಹೀಗೇ ಆಗಿತ್ತು. ನನ್ನ ಜೀವದ ಗೆಳತಿ ಹೋದಾಗ ಕಚೇರಿಯಲ್ಲಿ ರಜೆ ಕೇಳಿದೆ. 'ಸಂಬಂಧಿಕರಾ?' ಅಂದರು. ಅಲ್ಲ ಅಂದೆ. ಒಂದೇ ದಿನ ಕೊಟ್ಟರು. ಎರಡನೇ ದಿನ ಕೆಲಸಕ್ಕೆ ಕೂತು ಯಾವ ಕಾಗದಕ್ಕೆ ಸಹಿ ಹಾಕಿದೆನೋ ನೆನಪಿಲ್ಲ. ಆ ವರ್ಷವೆಲ್ಲಾ ನಾನು ಅತ್ತಿದ್ದು ರೊಟ್ಟಿ ತಟ್ಟುವಾಗ. ರೊಟ್ಟಿ ತಟ್ಟೋದನ್ನು ನನಗೆ ಕಲಿಸಿದವಳು ಅವಳೇ.

ನಿಮಗೂ ಅಳಲು ಒಂದು ಜಾಗ ಬೇಕಿತ್ತು. ಹೊಲ ಆ ಜಾಗ ಕೊಟ್ಟಿದೆ. ಅವನೂ ನೀವೂ ಮಾತಾಡಿದ್ದು, ಜಗಳ ಆಡಿದ್ದು, ಬುತ್ತಿ ಬಿಚ್ಚಿದ್ದು ಎಲ್ಲ ಅಲ್ಲೇ ತಾನೆ? ಹಾಗಿರುವಾಗ ಮನಸ್ಸು ತಣ್ಣಗಾಗಲು ಬೇರೆ ಎಲ್ಲಿಗೆ ಹೋಗಬೇಕು? ಹೂ ನೋಡಿದಾಗ ನೀವು ಅವನನ್ನು ಮರೆತಿರಿ ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. 'ಈ ಸಲ ಹೂ ಚೆನ್ನಾಗಿ ಕಟ್ಟಿದೆ ನೋಡೋ' ಅಂತ ಹೇಳಲು ಪಕ್ಕದ ಬದು ಕಡೆ ತಿರುಗಿರುತ್ತೀರಿ. ಅಲ್ಲಿ ಅವನಿಲ್ಲ. ನಿಮ್ಮ ನಾಚಿಕೆ ಶುರುವಾಗೋದು ಅಲ್ಲಿಂದ. ಅದು ತಪ್ಪಿತಸ್ಥನ ನಾಚಿಕೆ ಅಲ್ಲ ತಮ್ಮಾ, ಒಂಟಿಯಾದವನ ಸಂಕಟ. ಎರಡೂ ಎದೆಯೊಳಗೆ ಒಂದೇ ಥರ ಚುಚ್ಚುತ್ತವೆ.

ಇನ್ನು ದೇವರ ಮಾತು. ಮಾರಿಕಣಿವೆಯ ಆ ದಿನವನ್ನೇ ನೆನಪು ಮಾಡಿಕೊಳ್ಳಿ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು, ಆಮೇಲೆ 89 ವರ್ಷ ಬೀಳಲಿಲ್ಲ. ಅಜ್ಜಂದಿರ ಬಾಯಲ್ಲಿ ಕೇಳಿದ್ದನ್ನು ನೀವಿಬ್ಬರೂ ಕಣ್ಣಾರೆ ಕಂಡಿರಿ. ಕಣಿವೆ ಮಾರಮ್ಮನ ಗುಡಿ ಅಲ್ಲೇ ಇದೆ. ಆದರೂ ಅವನು ಮೊದಲು ಕೈ ಮುಗಿದಿದ್ದು ನೀರಿಗೆ. ಬಯಲುಸೀಮೆಯ ರೈತನಿಗೆ ಆ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ನೀವು ಬೆಳಗ್ಗೆ ಹೊಲದಲ್ಲಿ 'ಯಾರೋ ಇದ್ದಾರೆ' ಅಂತೀರಲ್ಲ, ಅದೂ ಆ ಕೈಮುಗಿಯುವಿಕೆಯ ಥರದ್ದೇ. ಅದನ್ನು ಭಕ್ತಿ ಅನ್ನಲು ನನಗೆ ಯಾವ ಅನುಮಾನವೂ ಇಲ್ಲ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯನ್ನು ನಮ್ಮ ಜನ ಏತಕ್ಕೆ ನೆನೆಯುತ್ತಾರೆ ಹೇಳಿ. ಬರದ ನಾಡಿನಲ್ಲಿ ಕೆರೆ ಕಟ್ಟಿಸಿದ್ದಕ್ಕೆ. 'ಮಾಡಿದಷ್ಟು ನೀಡು ಭಿಕ್ಷೆ' ಅಂತ ಮಣ್ಣು ಹೊತ್ತವರಿಗೆ ಹೊತ್ತಷ್ಟು ಕೊಟ್ಟವರು ಅನ್ನುವುದಕ್ಕೆ. ಅಂಥ ಸ್ವಾಮಿ, ಎಂಟು ತಿಂಗಳಿಂದ ಮಣ್ಣಿನಲ್ಲೇ ಇರುವ ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾರಾ? ಮನೆಯವರಿಗೆ ಇಷ್ಟು ಹೇಳಿ: 'ನಾನು ದೇವರನ್ನು ಬಿಟ್ಟಿಲ್ಲ. ಅವನಿಲ್ಲದೆ ಜಾತ್ರೆಗೆ ಹೋಗುವ ಶಕ್ತಿ ಇನ್ನೂ ಬಂದಿಲ್ಲ.' ಅವರಿಗೆ ಅರ್ಥವಾಗುತ್ತದೆ. ಬರುವ ಫಾಲ್ಗುಣದ ಜಾತ್ರೆಗೂ ಆಗದಿದ್ದರೆ ಇನ್ನೊಂದು ವರ್ಷ ಬಿಡಿ.

ಆದರೆ ಒಂದು ವಿಷಯದಲ್ಲಿ ನಿಮ್ಮನ್ನು ಸುಮ್ನೆ ಬಿಡಲಾರೆ. ಹೊಲ ನಿಮಗೆ ಸಮಾಧಾನ ಕೊಡುತ್ತಿದೆ, ಸರಿ. ಬದುವಿನ ಈಚೆ ಮಾತ್ರ. ಆಚೆ ಕಡೆ ಒಬ್ಬ ಹೆಣ್ಣುಮಗಳು ಎತ್ತಿಗೆ ಮೇವು ಹಾಕುತ್ತಾ, ಕಳೆ ಬೆಳೆದ ಹೊಲ ನೋಡುತ್ತಾ ಕೂತಿದ್ದಾಳೆ. ಎಂಟು ತಿಂಗಳು ಅವಳಿಗೆ ಜಾಸ್ತಿ ಉದ್ದ. ನಾಳೆಯೇ ಹೆಂಡತಿಯನ್ನು ಕರೆದುಕೊಂಡು ಅವರ ಮನೆಗೆ ಹೋಗಿ. ಒಬ್ಬರೇ ಹೋಗಬೇಡಿ. ಊರಿನ ಬಾಯಿಗೆ ಹೆದರಿ ಹೇಳುತ್ತಿಲ್ಲ, ಇಬ್ಬರು ಹೆಂಗಸರು ಕೂತರೆ ಅವಳ ದುಃಖಕ್ಕೂ ದಾರಿಯಾಗುತ್ತದೆ.

ಎತ್ತು ಸಂತೆಗೆ ಹೋಗುವುದು ಬೇಡ, ನೀವೇ ತೆಗೆದುಕೊಳ್ಳಿ. ಊರಿನ ಇಬ್ಬರು ತಿಳಿದವರಿಂದ ಬೆಲೆ ಕಟ್ಟಿಸಿ, ಅಷ್ಟನ್ನೂ ಕೊಡಿ. ಒಟ್ಟಿಗೆ ಆಗದಿದ್ದರೆ ಶೇಂಗಾ ಕಿತ್ತ ಮೇಲೆ ಉಳಿದದ್ದು ಅಂತ ಮಾತಾಡಿಕೊಳ್ಳಿ. ಗೆಳೆತನ ಅಂತ ಕಡಿಮೆಗೆ ಕೇಳಬೇಡಿ, ಮರುಕ ಅಂತ ಹೆಚ್ಚಿಗೆ ಕೊಟ್ಟು ಅವಳಿಗೆ ಭಾರ ಮಾಡಬೇಡಿ. ಹೊಲವನ್ನು ಪಾಲಿಗೆ ಮಾಡಿದರೂ ಅಷ್ಟೇ. ಬೀಜ ಯಾರದು, ಗೊಬ್ಬರ ಯಾರದು, ಫಸಲಿನಲ್ಲಿ ಯಾರಿಗೆ ಎಷ್ಟು ಅಂತ ಅವಳ ಅಣ್ಣತಮ್ಮಂದಿರ ಎದುರಿಗೇ ಬರೆದಿಡಿ. ಪಹಣಿ ಇನ್ನೂ ಅವನ ಹೆಸರಿನಲ್ಲೇ ಇದ್ದರೆ ಮರಣ ಪತ್ರ, ವಂಶವೃಕ್ಷ ಮಾಡಿಸಿ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಹಾಕಲು ಜೊತೆಗೆ ಹೋಗಿ. ಸಾಲ, ಬೆಳೆ ಪರಿಹಾರ ಎಲ್ಲಕ್ಕೂ ನಾಳೆ ಅದೇ ಬೇಕು. ಗೆಳೆಯನ ಹೆಂಡತಿ ಮಕ್ಕಳು ನಾಡಕಚೇರಿ ಬಾಗಿಲಲ್ಲಿ ದಿಕ್ಕು ತೋಚದೆ ನಿಲ್ಲಬಾರದು.

ನಿದ್ದೆ ಹೇಗಿದೆ, ಊಟ ಸೇರುತ್ತಿದೆಯಾ ಅಂತ ನೀವು ಬರೆದಿಲ್ಲ. ರಾತ್ರಿಯೆಲ್ಲಾ ಎಚ್ಚರವಿದ್ದರೆ, ಕುಡಿತದ ಕಡೆ ಮನಸ್ಸು ಎಳೆದರೆ, ನಾನೂ ಹೋಗಿಬಿಡಬೇಕು ಅಂತ ಒಮ್ಮೆಯಾದರೂ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿ. 14416. ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ಸಣ್ಣತನವೇನೂ ಇಲ್ಲ.

ಸೀಗೆ ಹುಣ್ಣಿಮೆಗೆ ಬರೋಣ. ನಿಮ್ಮ ಕಾಗದದ ಕೊನೆಯ ಸಾಲು ಅದೇ ಅಲ್ವಾ, ನಿಮಗೆ ಜಾಸ್ತಿ ಭಯ ಇರೋದೂ ಅಲ್ಲೇ. ಚರಗ ಬಿಡಬೇಡಿ. ಎರಡೂ ಮನೆಯ ಬುತ್ತಿ ಒಂದೇ ಬುಟ್ಟಿಗೆ ಕಟ್ಟಿಸಿ. ಐದು ಕಲ್ಲು ಇಟ್ಟು ಪಾಂಡವರ ಪೂಜೆ ಮಾಡುವಾಗ ಆ ಹೆಣ್ಣುಮಗಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಗಂಡ ಹೋದವಳು ಅಂತ ಅವಳನ್ನು ದೂರ ನಿಲ್ಲಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ನಿಮ್ಮ ಹೊಲದಲ್ಲಿ ಅವರ ಮಾತು ನಡೆಯಕೂಡದು. ಆ ಹುಣ್ಣಿಮೆಗೆ ನಾವು ಭೂಮಿತಾಯಿಯನ್ನು ಬಸುರಿ ಅಂತ ಕಂಡು ಬಯಕೆ ತೀರಿಸುತ್ತೇವೆ. ಬೆಳೆ ಇಲ್ಲದ ಹೊಲಕ್ಕೆ ಚರಗವಾ ಅಂತ ಕೇಳುವವರಿಗೆ, ಅದೂ ಆ ಭೂಮಿತಾಯಿಯದೇ ಮೈ ಅಂತ ಹೇಳಿ. ಸಾಧ್ಯವಾದರೆ ಅಷ್ಟರೊಳಗೆ ಎರಡು ಎತ್ತನ್ನೂ ಕಟ್ಟಿ ಆ ನೆಲ ಒಮ್ಮೆ ಉತ್ತುಬಿಡಿ. ನಿಮ್ಮ ಹೊಲದ ಹಾಗೆ ಕೆಂಪು ಮಣ್ಣಾದರೆ ಹುರಳಿ ಹಾಕಬಹುದು. ಹದ ನೀವೇ ನೋಡಿ, ನನಗಿಂತ ಚೆನ್ನಾಗಿ ಗೊತ್ತು.

ಅವನಿಗೆ ಮಕ್ಕಳಿದ್ದರೆ ದೊಡ್ಡದರ ಕೈಗೆ ಚರಗದ ಬುಟ್ಟಿ ಕೊಡಿ. ಮಗಳಾದರೂ ಸರಿ. ಅದು ಮುಂದೆ ನಡೆಯಲಿ, 'ಹುಲಿಗ್ಯೋ' ಅಂತ ಕೂಗಲಿ. ಕೂಗಲು ಬಾರದಿದ್ದರೆ ಅವರಪ್ಪ ಹೇಗೆ ಕೂಗುತ್ತಿದ್ದ ಅಂತ ನೀವು ತೋರಿಸಿಕೊಡಿ. ಗಂಟಲು ಕಟ್ಟಿದರೆ ಕಟ್ಟಲಿ. ಚೆಂಬು ನಿಮ್ಮ ಕೈಯಲ್ಲೇ ಇರಲಿ, ನೀವು ಯಾವಾಗಲೂ ನಡೆದ ಜಾಗದಲ್ಲೇ, ಹಿಂದೆ.

ಅದೆಲ್ಲ ಆದ ಮೇಲೆ ನನಗೊಂದು ಕಾರ್ಡು ಹಾಕಿ. ಅವನ ಎತ್ತಿನ ಹೆಸರೇನು ಅಂತ ನೀವು ಬರೆದೇ ಇಲ್ಲ.