ಯುದ್ಧ ನಿರಾಶ್ರಿತರ ಜೊತೆ ಕೆಲಸ ಮಾಡುವ ಆಸೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಜೊತೆಗೆ ಕಾನೂನು, ಪ್ರಥಮ ಚಿಕಿತ್ಸೆ, ಕೌನ್ಸೆಲಿಂಗ್ ಇವುಗಳಲ್ಲಿ ಯಾವ ಸರ್ಟಿಫಿಕೇಟ್ ಮಾಡಿಕೊಳ್ಳಲಿ?

ನನ್ನ ಹತ್ತಿರ ಮೂರೂ ಇದ್ದವು. ಫೈಲಿನಲ್ಲಿ ನೀಟಾಗಿ ಜೋಡಿಸಿಟ್ಟಿದ್ದೆ.

2022ರಲ್ಲಿ ನಾನು ಪೋಲೆಂಡ್‌ನಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ಫೆಬ್ರವರಿ 24ಕ್ಕೆ ಉಕ್ರೇನ್ ಮೇಲೆ ದಾಳಿ ಆಯಿತು. ಮಾರ್ಚ್‌ನಲ್ಲಿ ನಮ್ಮ ಕ್ಲಾಸಿನ ಕೆಲವರು ಗಡಿ ಪಕ್ಕದ ಪ್ಶೆಮಿಶ್ಲ್ ರೈಲು ನಿಲ್ದಾಣಕ್ಕೆ ಹೋದೆವು. ಉಕ್ರೇನಿನ ಲ್ವಿವ್ ನಗರದ ಕಡೆಯಿಂದ ಬಂದ ರೈಲಿನಿಂದ ಇಳಿಯುವವರು ಹೆಚ್ಚಾಗಿ ಹೆಂಗಸರು, ಮಕ್ಕಳು, ವಯಸ್ಸಾದವರು. 18ರಿಂದ 60ರೊಳಗಿನ ಗಂಡಸರನ್ನು ಉಕ್ರೇನ್ ದೇಶದಿಂದ ಹೊರಗೆ ಬಹುತೇಕ ಬಿಡುತ್ತಿರಲಿಲ್ಲ.

ಒಂದು ರಾತ್ರಿ ಒಬ್ಬ ಅಜ್ಜಿ ಇನ್ಸುಲಿನ್ ಇದ್ದ ಪುಟ್ಟ ಚೀಲ ಕೊಟ್ಟು, ಎಲ್ಲಿಡಲಿ ಅಂತ ಸನ್ನೆಯಲ್ಲೇ ಕೇಳಿದರು. ನಮ್ಮ ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲಲ್ಲಿ ಇರುತ್ತಿತ್ತು. ತಣ್ಣಗಿರಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು. ಅಲ್ಲಿ ಫ್ರಿಜ್ ಇರಲಿಲ್ಲ, ಹೊರಗೆ ಕೊರೆಯುವ ಚಳಿ ಇತ್ತು. ಚೀಲವನ್ನು ಕಿಟಕಿಯ ಹೊರಗಡೆ ಕಟ್ಟಿದೆ. ಎಂಥಾ ಐಡಿಯಾ ಅಂತ ಒಳಗೊಳಗೇ ಹೆಮ್ಮೆ ಬೇರೆ!

ಬೆಳಿಗ್ಗೆ ನೋಡಿದರೆ ಗಡ್ಡೆ ಕಟ್ಟಿತ್ತು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ, ಎಸೆಯಬೇಕು. ಬಳಸಲು ತೆಗೆದದ್ದನ್ನು ಸುಮಾರು ನಾಲ್ಕು ವಾರ ಫ್ರಿಜ್ ಇಲ್ಲದೆಯೂ ಇಟ್ಟುಕೊಳ್ಳಬಹುದು. ಅಂದರೆ ಅಜ್ಜಿಯ ಕೋಟಿನ ಒಳಜೇಬೇ ಸಾಕಿತ್ತು. ಇದನ್ನೆಲ್ಲ ಹೇಳಿದ ನರ್ಸ್ ರಾತ್ರಿಯಿಡೀ ನನ್ನಿಂದ ಹತ್ತು ಹೆಜ್ಜೆ ದೂರದಲ್ಲೇ ಕೂತಿದ್ದರು. ನಾನು ಕೇಳಲಿಲ್ಲ. ಯಾಕೆ ಕೇಳಲಿ, ನನ್ನ ಹತ್ತಿರ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಇತ್ತಲ್ವಾ? ಬೇರೆ ಇನ್ಸುಲಿನ್ ಸಿಗುವಷ್ಟರಲ್ಲಿ ಮಧ್ಯಾಹ್ನ. ಅಜ್ಜಿಯ ಬಸ್ಸು ಹೋಗಿ ಆಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಅರ್ಧ ಡಾಕ್ಟರು, ಅರ್ಧ ಲಾಯರು ಆಗಲು ಹೋಗಬೇಡಿ. ಕಾನೂನಿನ ಕಥೆಯೂ ಇದೇ. ಯುದ್ಧದಿಂದ ಓಡಿ ಬಂದವರಿಗೆ ಸ್ವಲ್ಪ ಕಾಲ ಆಶ್ರಯ ಕೊಡುವ ಯುರೋಪಿಯನ್ ಒಕ್ಕೂಟದ ತಾತ್ಕಾಲಿಕ ರಕ್ಷಣೆಯ ನಿಯಮ 2001ರದ್ದು. ಅದನ್ನು ಮೊದಲ ಸಲ ಜಾರಿ ಮಾಡಿದ್ದು 2022ರ ಮಾರ್ಚ್ 4ಕ್ಕೆ. ನನ್ನ ಕೋರ್ಸಿನ ನೋಟ್ಸಿನಲ್ಲಿ ಅದರ ಹೆಸರೂ ಇರಲಿಲ್ಲ. ಕೆಲಸಕ್ಕೆ ಬಂದದ್ದು ಲಾಯರೊಬ್ಬರ ಫೋನ್ ನಂಬರ್.

ನಿಮ್ಮ ಕಾಲೇಜಿನವರನ್ನು ಕಾಡಿ ಬೇಡಿ ಒಂದು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ, ಇನ್ನೊಂದು ತಿಂಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಫೀಲ್ಡ್‌ವರ್ಕ್ ಹಾಕಿಸಿಕೊಳ್ಳಿ. ನರ್ಸ್ ಪಕ್ಕ ಕೂತು "ಇದು ನನಗೆ ಗೊತ್ತಿಲ್ಲ, ಹೇಳ್ತೀರಾ" ಅಂತ ಕೇಳೋದನ್ನು ರೂಢಿ ಮಾಡಿಕೊಳ್ಳಿ.

ಇಲ್ಲ, ಒಂದು ಕೋರ್ಸ್ ಮಾಡಲೇಬೇಕು ಅಂದರೆ ಭಾಷೆಯದ್ದು ಮಾಡಿ. ಹೆಪ್ಪುಗಟ್ಟಲು ಬಿಡಬೇಡಿ ಅಂತ ಅಜ್ಜಿಯ ಇನ್ಸುಲಿನ್ ಡಬ್ಬಿಯ ಮೇಲೆ ಬರೆದೇ ಇತ್ತು, ಉಕ್ರೇನಿಯನ್‌ನಲ್ಲಿ.