ಬೀಗ ಹಾಕಿದ ರೂಮಿನಲ್ಲಿ ಬಿಸಿ ಟೀ

ದಾವಣಗೆರೆಯ ವಿದ್ಯಾನಗರದಿಂದ ಪದವಿ ವಿದ್ಯಾರ್ಥಿನಿಯೊಬ್ಬರು ಪತ್ರ ಬರೆದಿದ್ದಾರೆ. ಐದು ಜನ ಸ್ನೇಹಿತರು ಸೇರಿ ಕಾಲೇಜು ಉತ್ಸವಕ್ಕೆ 12 ನಿಮಿಷದ ಥ್ರಿಲ್ಲರ್ ಕಿರುಚಿತ್ರ ಮಾಡುತ್ತಿದ್ದಾರೆ. ಮೊದಲ ದೃಶ್ಯ 2 ನಿಮಿಷದ್ದು. ರಾತ್ರಿ ಹೊತ್ತು ಹುಡುಗಿಯೊಬ್ಬಳು ಓಡುತ್ತಾಳೆ, ಮುಖವಾಡ ಹಾಕಿದವನು ಬೆನ್ನಟ್ಟುತ್ತಾನೆ, ಚಾಕು, ಚೀರಾಟ, ಆಮೇಲೆ ಚಿತ್ರದ ಹೆಸರು. ಬಾತಿ ಗುಡ್ಡದ ಹತ್ತಿರ ಒಂದು ಸಂಜೆ ಮೊಬೈಲಿನಲ್ಲೇ ತೆಗೆದು ನೋಡಿದರಂತೆ. ನೋಡಿದವರೆಲ್ಲ ನಕ್ಕರಂತೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಭಾಗದಲ್ಲಿ ಪರದೆ ತುಂಬ ಕಪ್ಪು ಪಟ್ಟೆಗಳು ಓಡುತ್ತಿದ್ದವು. ಮಾತು ಗಾಳಿ ಸದ್ದಿನಲ್ಲಿ ಮುಳುಗಿಹೋಯಿತು. "ದುಡ್ಡು ಕೂಡಿಸಿ ದೊಡ್ಡ ಕ್ಯಾಮೆರಾ ಬಾಡಿಗೆಗೆ ತಂದು, ರಾತ್ರಿ ಚಿತ್ರದುರ್ಗದ ಕೋಟೆಯಲ್ಲೇ ತೆಗೆದರೆ ಭಯ ಬರುತ್ತಾ ಸರ್?" ಎಂದು ಕೇಳಿದ್ದಾರೆ.

ಇಲ್ಲಮ್ಮ, ಬರುವುದಿಲ್ಲ. ದುಡ್ಡು ಹಾಗೇ ಇಟ್ಟುಕೊಳ್ಳಿ.

ಕೋಟೆ ಅಂದಿರಿ, ಕೋಟೆಯಿಂದಲೇ ಶುರು ಮಾಡೋಣ. ಓಬವ್ವನ ಕಥೆ ನಿಮಗೆ ಹೇಳಿಕೊಡಬೇಕಾಗಿಲ್ಲ. 18ನೇ ಶತಮಾನ, ಹೈದರಾಲಿಯ ಸೈನ್ಯ ಕೋಟೆಯ ಸುತ್ತ ಕೂತಿದೆ. ಆದರೆ ನಮ್ಮ ಅಜ್ಜಿಯಂದಿರು ಈ ಕಥೆಯನ್ನು ಸೈನ್ಯದಿಂದ ಶುರು ಮಾಡುತ್ತಿರಲಿಲ್ಲ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ, ಕುಡಿಯಲು ನೀರಿಲ್ಲ, ಓಬವ್ವ ಕೊಡ ಹಿಡಿದು ಹೊರಟಳು ಎಂದು ಶುರು ಮಾಡುತ್ತಿದ್ದರು. ಅಲ್ಲಿ ಬಂಡೆಗಳ ನಡುವೆ ಒಬ್ಬ ಮನುಷ್ಯ ತೆವಳಿಕೊಂಡು ಬರುವಷ್ಟು ಕಿಂಡಿ. ಅದರಾಚೆ ಪಿಸುಮಾತು. ಅಷ್ಟು ಕೇಳಿದ್ದೇ ತಡ, ಮಕ್ಕಳು ಅಜ್ಜಿಯ ಸೆರಗು ಹಿಡಿದುಕೊಳ್ಳುತ್ತಿದ್ದರು. ಗಂಡ ಇನ್ನೂ ಉಣ್ಣುತ್ತಿದ್ದಾನೆ, ಅವನಿಗೆ ಏನೂ ಗೊತ್ತಿಲ್ಲ. ನಮಗೆ ಗೊತ್ತು.

ಏಳು ಸುತ್ತಿನ ಕೋಟೆ ಇದ್ದೂ ಭಯ ಹುಟ್ಟಿದ್ದು ಆ ಒಂದು ಕಿಂಡಿಯಲ್ಲಿ, ಅದೂ ಊಟದ ಹೊತ್ತಿನಲ್ಲಿ. ನಿಮ್ಮ ದೃಶ್ಯದಲ್ಲಿ ಕೋಟೆ ಬೇಕಾದಷ್ಟು ಇದೆ, ಕಿಂಡಿ ಇಲ್ಲ.

ಇದನ್ನೇ ಥ್ರಿಲ್ಲರ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಬೇರೆ ಉದಾಹರಣೆ ಕೊಟ್ಟು ಹೇಳಿದ್ದರು. 1962ರಲ್ಲಿ ಫ್ರಾನ್ಸಿನ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಅವರ ಜೊತೆ ನಡೆಸಿದ ದೀರ್ಘ ಮಾತುಕತೆಯಲ್ಲಿ ಬರುವ ಮಾತು ಅದು. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬ್ ಸಿಡಿಯುತ್ತದೆ. ನೋಡುವವರು ಬೆಚ್ಚಿಬೀಳುವುದು 15 ಸೆಕೆಂಡ್ ಮಾತ್ರ. ಅದೇ ಬಾಂಬ್ ಮೇಜಿನ ಕೆಳಗಿರುವುದನ್ನು ಮೊದಲೇ ತೋರಿಸಿಬಿಟ್ಟರೆ, ಅದೇ ಹರಟೆಯನ್ನು 15 ನಿಮಿಷ ಉಸಿರು ಬಿಗಿಹಿಡಿದು ನೋಡುತ್ತಾರೆ. ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರಬೇಕು. ಥ್ರಿಲ್ಲರ್ ಬರೆಯುವವರು ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಹತ್ಯಾರ ಇದು.

ನಿಮ್ಮ ಸ್ನೇಹಿತರು ಯಾಕೆ ನಕ್ಕರು ಅಂತ ಈಗ ನೋಡಿ. ಪತ್ರದಲ್ಲಿ ಮುಖವಾಡದವನ ಬಗ್ಗೆ ಒಂದು ಪೂರ್ತಿ ಪ್ಯಾರಾ ಬರೆದಿದ್ದೀರಿ. ಅವನ ಜಾಕೆಟ್ ಬಣ್ಣ, ನಡಿಗೆ, ಚಾಕುವಿನ ಅಳತೆ ಎಲ್ಲ ಇದೆ. ಓಡುವ ಹುಡುಗಿಯ ಬಗ್ಗೆ ಒಂದು ಸಾಲೂ ಇಲ್ಲ. ಅವಳು ಯಾರ ಮಗಳು, ಏನು ಓದುತ್ತಾಳೆ, ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಬಂದಳು? ಯಾರೆಂದೇ ಗೊತ್ತಿಲ್ಲದವಳು ಓಡಿದರೆ ನೋಡುವವರ ಕಣ್ಣಿಗೆ ಬೀಳುವುದು ನಿಮ್ಮ ಗೆಳತಿ ಗುಡ್ಡದ ಮೇಲೆ ಓಡುತ್ತಿರುವುದು ಮಾತ್ರ. ನಗದೇ ಇನ್ನೇನು ಮಾಡುತ್ತಾರೆ? ಇನ್ನೊಂದು ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ. ಕಥೆ ಶುರುವಾಗಲಿ ಎಂದು ಮೊದಲ ನಿಮಿಷದಲ್ಲೇ ಹೆಸರಿಲ್ಲದ ಒಬ್ಬ ಹುಡುಗಿಯನ್ನು ಕೊಲ್ಲುವ ಅಭ್ಯಾಸ ನಮ್ಮಲ್ಲಿ ಜಾಸ್ತಿಯಾಗಿದೆ. ನೀವಾದರೂ ಅದನ್ನು ಬಿಡಿ. ಅವಳಿಗೊಂದು ಹೆಸರು, ಒಂದು ಕೆಲಸ, ಒಬ್ಬ ಅಮ್ಮ ಇರಲಿ.

ನಿಮ್ಮೂರಿನಲ್ಲೇ, ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲೇ ತೆಗೆಯಬಹುದಾದ ಒಂದು ದೃಶ್ಯ ಹೇಳುತ್ತೇನೆ. ಹಾಗೇ ತೆಗೆಯಿರಿ ಎಂದಲ್ಲ, ನಿಮ್ಮ ಕಥೆಗೆ ಹೊಂದುವಂತೆ ಬದಲಿಸಿಕೊಳ್ಳಿ.

ಬಾಡಿಗೆ ರೂಮು, ಕತ್ತಲೆ. ನೆಲದ ಮೇಲೆ ಹಾಸಿದ ಪೇಪರ್. ಅದರ ಮೇಲೆ ಒಂದು ಸ್ಟೀಲ್ ತಟ್ಟೆ ತುಂಬ ಖಾರ ಮಂಡಕ್ಕಿ, ಪಕ್ಕದಲ್ಲಿ ಎರಡು ಮಿರ್ಚಿ, ಒಂದು ಗ್ಲಾಸ್ ಟೀ. ಟೀಯಿಂದ ಹಬೆ ಏಳುತ್ತಿದೆ. ರೂಮಿನಲ್ಲಿ ಯಾರೂ ಕಾಣುವುದಿಲ್ಲ. ಹೊರಗೆ ಸ್ಕೂಟಿ ನಿಂತ ಸದ್ದು.

ಈಗ ಹೊರಗೆ ಬನ್ನಿ. ಬಾಗಿಲಿಗೆ ಬೀಗ ನೇತಾಡುತ್ತಿದೆ. ಬೀಗವನ್ನು ಹತ್ತಿರದಿಂದ ತೋರಿಸಿ, ಅವಸರ ಮಾಡಬೇಡಿ. ನೋಡುವವರ ತಲೆಯೊಳಗೆ ಆ ಕ್ಷಣಕ್ಕೇ ಪ್ರಶ್ನೆ ಎದ್ದು ಕೂರುತ್ತದೆ: ಹೊರಗೆ ಬೀಗ, ಒಳಗೆ ಬಿಸಿ ಟೀ. ಹುಡುಗಿ ಬ್ಯಾಗಿನಲ್ಲಿ ಕೀ ಹುಡುಕುತ್ತಿದ್ದಾಳೆ, ಫೋನ್ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿದೆ. ಆ ಕಡೆಯಿಂದ ಅಮ್ಮ "ಉಂಡೇನವ್ವಾ?" ಅನ್ನುತ್ತಿದ್ದಾರೆ. "ಈಗ ರೂಮಿಗೆ ಬಂದೆ ಅಮ್ಮಾ, ಆಮೇಲೆ ಉಣ್ತೀನಿ." ದಿನಾ ನಡೆಯುವ ಮಾತೇ. ಆದರೆ ಒಳಗಿನ ಹಬೆ ನೋಡಿದವರಿಗೆ ಈ ಮಾತು ಮುಗಿಯುವುದೇ ಬೇಡ ಅನಿಸುತ್ತದೆ. ಅವಳು ಬಾಗಿಲು ತೆಗೆಯುವುದು ತಡವಾದಷ್ಟೂ ಒಳ್ಳೆಯದು.

ಬಾಗಿಲು ತೆರೆಯುವಾಗ ಕ್ಯಾಮೆರಾ ಒಳಗಿರಲಿ, ನೆಲದ ಮಟ್ಟದಲ್ಲಿ, ತಟ್ಟೆಯ ಹಿಂದೆ. ಅವಳು ಸ್ವಿಚ್ ಹಾಕುತ್ತಾಳೆ. ಹಳೆಯ ಚೋಕ್ ಟ್ಯೂಬ್‌ಲೈಟ್ ಇದ್ದರೆ ಪುಣ್ಯ, ಎರಡು ಮೂರು ಸಲ ಮಿನುಗಿ ಮಿನುಗಿ ಹತ್ತಿಕೊಳ್ಳುತ್ತದೆ, ಖರ್ಚಿಲ್ಲದ ಥ್ರಿಲ್ಲರ್ ಲೈಟು. ತಟ್ಟೆ ನೋಡಿ ಅವಳ ಮುಖ ಅರಳುತ್ತದೆ. ರೂಮ್‌ಮೇಟ್ ಊರಿನಿಂದ ಬಂದಿರಬೇಕು ಅಂದುಕೊಳ್ಳುತ್ತಾಳೆ. "ಅಕ್ಕಾ, ಬಂದ್ಯಾ?" ಅನ್ನುತ್ತಾ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕುತ್ತಾಳೆ. ಕರುಂ ಕುರುಂ. ದಾವಣಗೆರೆಯವರಿಗೆ ಇದನ್ನು ವಿವರಿಸಬೇಕಾ? ಈರುಳ್ಳಿ ಟೊಮೆಟೊ ಹಾಕಿ ಕಲಸಿದ ಮಂಡಕ್ಕಿ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಗರಿಗರಿ ಇದೆ ಅಂದರೆ ಈಗಷ್ಟೇ ಯಾರೋ ಕಲಸಿದ್ದಾರೆ. ಅಗಿಯುತ್ತಲೇ ಅವಳು ಕೈಯಲ್ಲಿರುವ ಬೀಗ ನೋಡುತ್ತಾಳೆ. ಅಗಿಯುವುದು ನಿಲ್ಲುತ್ತದೆ. ಅಲ್ಲೇ ಕತ್ತರಿಸಿ, ಚಿತ್ರದ ಹೆಸರು ಹಾಕಿ.

ಕೈ, ನೆರಳು, ಮುಖವಾಡ ಯಾವುದೂ ಬೇಡ. ಕಿಟಕಿಯ ಹಿಂದೆ ಯಾರೋ ಸರಿದುಹೋದಂತೆ ತೋರಿಸುವ ಆಸೆ ನಿಮಗೆ ಬಂದೇ ಬರುತ್ತದೆ, ತಡೆದುಕೊಳ್ಳಿ.

ಇನ್ನು ಕೆಲಸದ ಮಾತು. ಹಬೆ ಕ್ಯಾಮೆರಾದಲ್ಲಿ ಸುಮ್ನೆ ಕಾಣುವುದಿಲ್ಲ. ಮುಂದಿನಿಂದ ಬೆಳಕು ಬಿಟ್ಟರೆ ಮಾಯವಾಗುತ್ತದೆ. ಬೆಳಕು ಗ್ಲಾಸಿನ ಹಿಂದಿನಿಂದ, ಸ್ವಲ್ಪ ಓರೆಯಾಗಿ ಬರಬೇಕು. ಹಬೆಯ ಹಿಂದೆ ಕಪ್ಪು ಬಟ್ಟೆ ಅಥವಾ ಕತ್ತಲೆ ಇರಬೇಕು. ಒಂದು ಟಾರ್ಚ್ ಸಾಕು. ಫ್ಯಾನ್ ಬಂದ್ ಮಾಡಿ. ತಂಪಿದ್ದಷ್ಟೂ ಹಬೆ ಚೆನ್ನಾಗಿ ಕಾಣುತ್ತದೆ. ನಿಮ್ಮೂರಿನ ಬೇಸಿಗೆ ಮಧ್ಯಾಹ್ನ ಇದಕ್ಕೆ ಲಾಯಕ್ಕಲ್ಲ. ಕಿಟಕಿಗೆ ಕಂಬಳಿ ಕಟ್ಟಿ ಬೆಳಗಿನ ಜಾವ ತೆಗೆಯಿರಿ, ಪರದೆ ಮೇಲೆ ಅದು ಸಂಜೆಯೇ. ಪ್ರತಿ ಟೇಕಿಗೂ ಹೊಸ ಟೀ ಕುದಿಸಬೇಕು, ಹೊಸ ಮಂಡಕ್ಕಿ ಕಲಸಬೇಕು. ಹಾಗಾಗಿ ಮಂಡಕ್ಕಿ ಭಟ್ಟಿ ಕಡೆ ಹೋಗಿ ಒಣ ಮಂಡಕ್ಕಿ ಒಂದು ಚೀಲವೇ ತಂದಿಟ್ಟುಕೊಳ್ಳಿ. ಉಳಿದದ್ದು ತಂಡದ ಹೊಟ್ಟೆಗೆ. ಟೇಕ್ ಮುಗಿದ ಕೂಡಲೇ ತಟ್ಟೆ, ಗ್ಲಾಸ್, ಅವಳ ಬ್ಯಾಗ್ ಯಾವ ಭುಜದಲ್ಲಿತ್ತು, ಎಲ್ಲದರ ಫೋಟೊ ತೆಗೆದಿಡಿ. ಟೀ ಒಂದು ಶಾಟಿನಲ್ಲಿ ತುಂಬಿ, ಮುಂದಿನದರಲ್ಲಿ ಅರ್ಧ ಇದ್ದರೆ ನೋಡುವವರು ಟೀ ಯಾರು ಕುಡಿದರು ಎಂದು ತಲೆಕೆಡಿಸಿಕೊಳ್ಳುತ್ತಾರೆ. ಥ್ರಿಲ್ಲರ್‌ನಲ್ಲಿ ಪ್ರತಿ ತಪ್ಪನ್ನೂ ಜನ ಸುಳಿವು ಅಂತಲೇ ಓದುತ್ತಾರೆ.

ಟ್ಯೂಬ್‌ಲೈಟಿನ ಪಟ್ಟೆಗಳಿಗೆ ಕ್ಯಾಮೆರಾ ಚಿಕ್ಕದು ಅನ್ನುವುದು ಕಾರಣವಲ್ಲ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಜ್. ಅದರಿಂದ ಚೋಕ್ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಒಂದೇ ಏಟಿಗೆ ಹಿಡಿಯದೆ ಸಾಲು ಸಾಲಾಗಿ ಓದುವುದರಿಂದ ಅದಕ್ಕೆ ಗೊತ್ತಾಗಿಬಿಡುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಎಲ್ಲವನ್ನೂ ನೀವೇ ಹೊಂದಿಸಬಹುದಾದ ಪ್ರೊ ಮೋಡ್‌ಗೆ ಹೋಗಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಹಿಡಿಯುವ ಹೊತ್ತು) 1/50 ಸೆಕೆಂಡ್ ಇಡಿ. ಪಟ್ಟೆ ಹೋಗುತ್ತದೆ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳಿಗೂ ಇದೇ ಕಾಯಿಲೆ ಇದೆ, ಮೊದಲೇ ತೆಗೆದು ನೋಡಿಕೊಳ್ಳಿ. ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಟ್ಯೂಬ್‌ಲೈಟ್ ಹತ್ತಿದಾಗ ಮೊಬೈಲು ತಾನೇ ಬುದ್ಧಿ ಉಪಯೋಗಿಸಿ ಕತ್ತಲೆಯನ್ನೆಲ್ಲ ಬೆಳಗಿಬಿಡುತ್ತದೆ.

ಬೀಗದ ಶಾಟ್ ಹೊರಗಿನದು. ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿಯಾಗಿ ಉಳಿಯುವುದು ನಮ್ಮ ಕಡೆ 20–25 ನಿಮಿಷ ಅಷ್ಟೇ. ಅದಕ್ಕೆ ಮುಂಚೆಯೇ ಹುಡುಗಿ ನಿಲ್ಲುವ ಜಾಗ, ಕೀ ತೆಗೆಯುವ ರೀತಿ, ಅಮ್ಮನ ಮಾತು ಎಲ್ಲ ಅಭ್ಯಾಸವಾಗಿರಲಿ. ಹೊರಗೆ ಅವಳು ಎಡದಿಂದ ಬಲಕ್ಕೆ ನಡೆದು ಬಾಗಿಲು ದಾಟಿದರೆ ಒಳಗೂ ಎಡದಿಂದ ಬಲಕ್ಕೇ ಬರಬೇಕು, ಇಲ್ಲದಿದ್ದರೆ ವಾಪಸ್ ಹೊರಟಂತೆ ಕಾಣುತ್ತದೆ.

ಸದ್ದಿಗೆ ಇನ್ನೂ ಜಾಸ್ತಿ ಗಮನ ಕೊಡಿ. ನಿಮ್ಮ ಮೊದಲ ಪ್ರಯತ್ನದಲ್ಲಿ ಗುಡ್ಡದ ಗಾಳಿ ನೇರ ಮೈಕಿಗೆ ಬಡಿದಿದೆ. ರೂಮಿನೊಳಗೆ ಆ ಕಷ್ಟವಿಲ್ಲ. ಇನ್ನೊಂದು ಮೊಬೈಲನ್ನು ಫ್ರೇಮಿಗೆ ಕಾಣದಂತೆ ಹುಡುಗಿಯ ಹತ್ತಿರ ಇಟ್ಟು ಸದ್ದು ಮಾತ್ರ ಹಿಡಿಯಿರಿ. ಟೇಕ್ ಶುರುವಾಗುವಾಗ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಆಮೇಲೆ ಚಿತ್ರ, ಸದ್ದು ಎರಡನ್ನೂ ಜೋಡಿಸುವುದು ಸುಲಭ. ಕೀ ತಿರುಗುವ ಸದ್ದು, ಬೀಗ ಬಿಚ್ಚುವ ಸದ್ದು, ಮಂಡಕ್ಕಿ ಅಗಿಯುವ ಸದ್ದು, ಈ ಮೂರನ್ನೂ ಬೇರೆಯಾಗಿ, ಬಾಯಿ ಹತ್ತಿರ, ಬೀಗದ ಹತ್ತಿರ ಮೈಕ್ ಹಿಡಿದು ರೆಕಾರ್ಡ್ ಮಾಡಿ. ಎಲ್ಲರೂ ಬಾಯಿ ಮುಚ್ಚಿ ಕೂತು ಖಾಲಿ ರೂಮಿನ ಸದ್ದನ್ನು ಒಂದು ನಿಮಿಷ ಹಿಡಿದಿಡಿ. ಶಾಟ್ ಶಾಟಿನ ನಡುವೆ ಸದ್ದು ಕತ್ತರಿಸಿದಂತೆ ಕೇಳಬಾರದು ಅಂದರೆ ಅದು ಬೇಕೇ ಬೇಕು. ನಿಮ್ಮೂರಿನ ನಡುವೆಯೇ ರೈಲು ಹಾದುಹೋಗುತ್ತದಲ್ವಾ, ರಾತ್ರಿ ಮಾಳಿಗೆ ಮೇಲೆ ನಿಂತು ಅದರ ಹಾರ್ನ್ ರೆಕಾರ್ಡ್ ಮಾಡಿ. ಅವಳು ಕೀ ಹಾಕುವ ಹೊತ್ತಿಗೆ ಆ ಹಾರ್ನ್ ಬರಲಿ. ಒಳಗೆ ಏನಾದರೂ ಸದ್ದಾಯಿತಾ ಇಲ್ಲವಾ ಎಂದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಹಿನ್ನೆಲೆ ಸಂಗೀತ ಮೊದಲ 2 ನಿಮಿಷಕ್ಕೆ ಬೇಡವೇ ಬೇಡ.

ರೈಲಿನ ಸದ್ದು ಹಿಡಿಯಿರಿ ಎಂದೆ, ಹಳಿ ಮೇಲೆ ಹೋಗಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ರೈಲ್ವೆ ಜಾಗಕ್ಕೆ ನುಗ್ಗಿದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಕಾನೂನಿಗಿಂತ ಮೊದಲು ಜೀವ. ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕಥಾಚಿತ್ರ ತೆಗೆಯಲು ಮೊದಲೇ ಅನುಮತಿ ಪಡೆಯಬೇಕು, ರಾತ್ರಿ ಒಳಗೆ ಬಿಡುವುದಿಲ್ಲ. ಕದ್ದು ಹೋಗೋಣ ಅನ್ನುವ ಯೋಚನೆ ತಂಡದಲ್ಲಿ ಯಾರಿಗಾದರೂ ಇದ್ದರೆ ಈಗಲೇ ಬೇಡ ಅನ್ನಿ. ಆ ಬಂಡೆಗಳು ಹಗಲಲ್ಲೇ ಕಾಲು ಜಾರಿಸುತ್ತವೆ. ಬೀದಿಯಲ್ಲಿ ಚಾಕು, ಕೆಂಪು ಬಣ್ಣ ಹಿಡಿದು ಓಡಾಡುವುದೂ ಬೇಡ. ದೂರದಿಂದ ನೋಡಿದವರಿಗೆ ಅದು ಸಿನಿಮಾ ಎಂದು ಗೊತ್ತಾಗುವುದು ಹೇಗೆ? ರೂಮಿನ ಮಾಲೀಕರಿಗೂ ಅಕ್ಕಪಕ್ಕದವರಿಗೂ ಹಿಂದಿನ ದಿನವೇ ಹೇಳಿಬಿಡಿ. ಸಾಧ್ಯವಾದರೆ ಪಕ್ಕದ ಮನೆಯ ಆಂಟಿಯಿಂದಲೇ ಅಮ್ಮನ ಧ್ವನಿ ಕೊಡಿಸಿ. "ಉಂಡೇನವ್ವಾ" ಎಂಬುದನ್ನು ಅವರಷ್ಟು ಸಹಜವಾಗಿ ನಿಮ್ಮ ವಯಸ್ಸಿನವರು ಹೇಳಲಾರರು.

ಎಡಿಟ್ ಮುಗಿದ ಮೇಲೆ ತಂಡದವರಿಗೆ ತೋರಿಸಬೇಡಿ, ಅವರಿಗೆ ಕಥೆ ಗೊತ್ತು. ಕಥೆ ಗೊತ್ತಿಲ್ಲದ ಮೂರು ನಾಲ್ಕು ಜನರಿಗೆ ಈ 2 ನಿಮಿಷ ಮಾತ್ರ ತೋರಿಸಿ ನಿಲ್ಲಿಸಿ. ಹೇಗಿದೆ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅವರು ತಾವಾಗಿ ಮೊದಲು ಏನು ಕೇಳುತ್ತಾರೆ ಎಂಬುದನ್ನು ಬರೆದುಕೊಳ್ಳಿ. "ಟೀ ಮಾಡಿದ್ದು ಯಾರು?" ಎಂದು ಕೇಳಿದರೆ ಉಳಿದ 10 ನಿಮಿಷಕ್ಕೆ ಕೈ ಹಾಕಿ. "ಯಾವ ಕ್ಯಾಮೆರಾ?" ಎಂದು ಕೇಳಿದರೆ ಬೀಗದ ಶಾಟನ್ನು ಇನ್ನೂ ಸ್ವಲ್ಪ ಉದ್ದ ಮಾಡಿ, ಇನ್ನೊಬ್ಬರಿಗೆ ತೋರಿಸಿ. ಆ ಟೀ ಮಾಡಿದವರು ಯಾರು ಎಂಬುದನ್ನು ನೀವು ಐದೂ ಜನ ಚಿತ್ರೀಕರಣಕ್ಕೆ ಮುಂಚೆಯೇ ತೀರ್ಮಾನ ಮಾಡಿರಬೇಕು. ಮುಂದಿನ ಪತ್ರದಲ್ಲಿ ಅದನ್ನು ನನಗೆ ಬರೆದು ಕಳಿಸಿ.

– ಸಂಪಾದಕ